ನಾಲ್ಕು ಇಂಚು ಹೆಚ್ಚು ಎತ್ತರದ ಮೇಜು

ದಾನವ್ವನಿಗೆ ಆ ಕೆಲಸ ಸಿಕ್ಕಿದ್ದು ಐವತ್ಮೂರನೇ ಇಸವಿಯ ಜೂನ್‌ನಲ್ಲಿ. ಬಲ್ಲಾರ್ಡ್ ಎಸ್ಟೇಟಿನಲ್ಲಿ ಹಡಗಿನ ಸರಕು ನೋಡಿಕೊಳ್ಳುವ ಏಜೆಂಟರದೊಂದು ಕಂಪನಿ. ಅದರ ಮೂರನೇ ಮಹಡಿಯ ಉದ್ದನೆಯ ಕೋಣೆಯಲ್ಲಿ ಆರು ಜನ ಹೆಣ್ಣುಮಕ್ಕಳು ಆರು ಟೈಪ್‌ರೈಟರುಗಳ ಮುಂದೆ ಕೂತು ಬೆಳಗಿನಿಂದ ಸಂಜೆವರೆಗೆ ಸರಕಿನ ಪಟ್ಟಿಗಳನ್ನು ಬಡಿಯುತ್ತಿದ್ದರು. ಧಾರವಾಡದಲ್ಲಿ ಮುರಿಗೆಪ್ಪ ಮಾಸ್ತರರ ಕ್ಲಾಸಿನಲ್ಲಿ ಟೈಪಿಂಗ್ ಕಲಿತ ದಾನವ್ವ, ತಂದೆಗೆ ಕಾಲ್ಬಾದೇವಿಯ ಬಟ್ಟೆ ಅಂಗಡಿಯಲ್ಲಿ ಗುಮಾಸ್ತಿಕೆ ಸಿಕ್ಕಮೇಲೆ ಮಾಟುಂಗದ ಚಾಳಿನ ಒಂದು ಕೋಣೆಗೆ ಬಂದವಳು. ಆ ಕೋಣೆಯಲ್ಲಿ ಅವಳನ್ನು ಬಿಟ್ಟರೆ ಕನ್ನಡ ಬಲ್ಲವಳು ಒಬ್ಬಳೇ, ಮೋಹಿನಿ. ಅವಳದು ಉಡುಪಿ ಕಡೆಯ ಮನೆತನ. ತಂದೆ ಮುಲುಂಡಿನ ಹೋಟೆಲೊಂದರಲ್ಲಿ ಅಡುಗೆಯವರು.

ಇಬ್ಬರದೂ ಒಂದೇ ಲೋಕಲ್ ರೈಲು. ಮುಲುಂಡಿನಲ್ಲಿ ಹತ್ತಿದ ಮೋಹಿನಿ ಹೆಂಗಸರ ಡಬ್ಬಿಯಲ್ಲಿ ಪಕ್ಕದ ಜಾಗದ ಮೇಲೆ ಕರವಸ್ತ್ರ ಹಾಸಿ ಇಟ್ಟುಕೊಂಡು, ಮಾಟುಂಗ ಬರುವವರೆಗೆ ಯಾರು ಬೈದರೂ ಅದನ್ನು ತೆಗೆಯುತ್ತಿರಲಿಲ್ಲ. ದಾನವ್ವ ಮೆತ್ತಗೆ ಮಾತಾಡುವವಳು. ಮೋಹಿನಿ ಡಬ್ಬಿಯಲ್ಲಿ ಎಲ್ಲರನ್ನೂ ಮಾತಾಡಿಸುವವಳು. ಒಂದು ತಿಂಗಳಲ್ಲಿ ಇಬ್ಬರೂ ಮಧ್ಯಾಹ್ನದ ಬುತ್ತಿ ಹಂಚಿಕೊಳ್ಳುವಷ್ಟು ಹತ್ತಿರವಾದರು. ರವಿವಾರ ಮೋಹಿನಿ ಮಾಟುಂಗಕ್ಕೆ ಬಂದರೆ ದಾನವ್ವನ ತಾಯಿ ಬಸಲಿಂಗವ್ವ ಅವಳಿಗೆಂದೇ ಎರಡು ಬಿಸಿ ರೊಟ್ಟಿ ಹೆಚ್ಚಿಗೆ ಬಡಿಯುತ್ತಿದ್ದಳು.

ಕೈನೋವು ಶುರುವಾದದ್ದು ದೀಪಾವಳಿ ಮುಗಿದ ಮೇಲೆ. ಮೊದಲು ದಾನವ್ವನ ಹೆಗಲು ಹಿಡಿದುಕೊಂಡಿತು. ಆಮೇಲೆ ಮೊಣಕೈಯಿಂದ ಮಣಿಕಟ್ಟಿನವರೆಗೆ ಒಂದು ಎಳೆತ. ಧಾರವಾಡದಲ್ಲಿ ದಿನಕ್ಕೆ ನಾಲ್ಕು ತಾಸು ಬಡಿದರೂ ಹೀಗೆ ಆದದ್ದಿಲ್ಲ. ಏನು ಬೇರೆ ಇದೆ ಎಂದು ಅವಳು ಯೋಚಿಸಿದಳು. ಮಾಸ್ತರರು ಕಲಿಸಿದ್ದನ್ನು ಒಂದೊಂದಾಗಿ ನೆನೆಸಿಕೊಂಡಳು. ಮೊಣಕೈ ಪಕ್ಕೆಗೆ ಸಡಿಲಾಗಿ ಹತ್ತಿರ ಇರಬೇಕು, ಮುಂಗೈ ನೆಲಕ್ಕೆ ಸಮನಾಗಿರಬೇಕು, ಮಣಿಕಟ್ಟು ಕುಸಿಯಲೂ ಬಾರದು ಎದ್ದು ನಿಲ್ಲಲೂ ಬಾರದು, ಬೆರಳು ಬಾಗಿಸಿ ತುದಿಯಿಂದ ಬಡಿದು ತಕ್ಷಣ ತನ್ನ ಮನೆಗೆ ಮರಳಬೇಕು. ಕೀಲಿಗಳ ನಡುವಿನ ಸಾಲಿಗೆ ಮಾಸ್ತರರು ಮನೆ ಎನ್ನುತ್ತಿದ್ದರು. ಆದರೆ ಈ ಕಂಪನಿಯಲ್ಲಿ ಹಾಗೆ ಕೂರುವುದೇ ಸಾಧ್ಯವಿರಲಿಲ್ಲ. ಕೀಲಿಗಳು ಎದೆಯ ಮಟ್ಟಕ್ಕೆ ಬರುತ್ತಿದ್ದವು. ಹೆಗಲು ಎತ್ತಿ, ಮೊಣಕೈ ಹೊರಗೆ ಚಾಚಿ ಬಡಿಯಬೇಕು. ದಣಿವಾದಾಗ ಮಣಿಕಟ್ಟನ್ನು ಮೇಜಿನ ಅಂಚಿಗೆ ಒರಗಿಸಿದರೆ ಅಂಚು ಒತ್ತಿ ಬೆರಳು ಜೋಮು ಹಿಡಿಯುತ್ತಿತ್ತು.

ಒಂದು ದಿನ ಅವ್ವನ ಹೊಲಿಗೆಯ ಅಳತೆಪಟ್ಟಿಯನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಊಟದ ಹೊತ್ತಿನಲ್ಲಿ ಮೇಜು ಅಳೆದಳು. ಮೂವತ್ತು ಇಂಚು. ಗುಮಾಸ್ತರು ಪೆನ್ನು ಹಿಡಿದು ಬರೆಯುವ ಮೇಜಿನ ಮೇಲೆಯೇ ಮಷೀನು ತಂದು ಇಟ್ಟಿದ್ದರು. ಮಾಸ್ತರರಿಗೆ ಕಾಗದ ಬರೆದು ಕೇಳಿದಾಗ, ತಮ್ಮ ಕ್ಲಾಸಿನ ಮೇಜು ಇಪ್ಪತ್ತಾರು ಇಂಚು ಎಂದು ಉತ್ತರ ಬಂತು.

ಮೋಹಿನಿಯ ಕೈ ದಾನವ್ವನದಕ್ಕಿಂತ ಕೆಟ್ಟಿತ್ತು. ಬಲಗೈಯ ಕಿರುಬೆರಳು ಪೂರ್ತಿ ಮರಗಟ್ಟಿ, ಆ ಬೆರಳಿನಿಂದ ಬಡಿಯುವ ‘ಪಿ’ ಅಕ್ಷರ ಹಾಳೆಯ ಮೇಲೆ ಮಸುಕಾಗಿ ಮೂಡುತ್ತಿತ್ತು. ಹೆಡ್ ಟೈಪಿಸ್ಟ್ ಆಗಿದ್ದ ವಯಸ್ಸಾದ ಪಾರ್ಸಿ ಬಾಯಿ ಎರಡು ಸಲ ಅವಳ ಹಾಳೆಗಳನ್ನು ವಾಪಸು ಕಳಿಸಿದರು. ಮೂರನೇ ಸಲ ಹಾಗಾದರೆ ಕೆಲಸ ಹೋಗುತ್ತದೆ ಎಂದು ಮೋಹಿನಿ ಲೋಕಲಿನಲ್ಲಿ ಅತ್ತಳು.

ದಾನವ್ವ ಅವಳ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಮಣಿಕಟ್ಟು ಹಿಡಿದು, ದಾದರ್ ದಾಟಿ ತಾವು ಇಳಿಯುವ ಬೋರಿಬಂದರ್ ಬರುವವರೆಗೆ ಪಾಠ ಹೇಳಿದಳು. ಕುರ್ಚಿಯ ಮೇಲೆ ಎರಡು ಹಳೆಯ ದಪ್ಪ ರಿಜಿಸ್ಟರು ಹಾಕಿ ಕೂರುವುದು, ಕಾಲು ತೂಗಾಡದಂತೆ ಕೆಳಗೆ ಕಟ್ಟಿಗೆಯ ಪೆಟ್ಟಿಗೆ ಇಡುವುದು, ತಾಸಿಗೊಮ್ಮೆ ಕೈ ಇಳಿಬಿಟ್ಟು ಕೊಡವುವುದು, ಕಿರುಬೆರಳನ್ನು ಚಾಚದೆ ಇಡೀ ಕೈಯನ್ನೇ ಅಕ್ಷರದ ಕಡೆ ಸರಿಸುವುದು. ಪೆಟ್ಟಿಗೆ ಒಂದೇ ಸಿಕ್ಕಿತ್ತು. ಅದನ್ನು ದಾನವ್ವ ಮೋಹಿನಿಗೆ ಕೊಟ್ಟಳು. ಮನೆಯಲ್ಲಿ ಬಿಸಿ ಎಣ್ಣೆ ತಿಕ್ಕಿಸಿಕೊಳ್ಳಲು ಹೇಳಿದಳು. ಎರಡೂವರೆ ತಿಂಗಳು ದಿನಾ ಬೆಳಿಗ್ಗೆ ಇದೇ ನಡೆಯಿತು. ಎದುರಿನ ಸೀಟಿನ ಮರಾಠಿ ಹೆಂಗಸರು ನಕ್ಕರು, ಆಮೇಲೆ ಅವರೂ ಕೈ ಚಾಚಿ ತೋರಿಸಲು ಶುರುಮಾಡಿದರು. ಫೆಬ್ರುವರಿಯ ಒಂದು ದಿನ ಮೋಹಿನಿ ಒಂದು ಹಾಳೆಯನ್ನು ತಂದು ದಾನವ್ವನ ಮುಂದೆ ಇಟ್ಟಳು. ‘ಪಿ’ಗಳೆಲ್ಲ ಉಳಿದ ಅಕ್ಷರಗಳಷ್ಟೇ ಕಪ್ಪಾಗಿ ಮೂಡಿದ್ದವು. ಆ ಹಾಳೆಯನ್ನು ದಾನವ್ವ ಮನೆಗೆ ಒಯ್ದು ಅವ್ವನಿಗೆ ತೋರಿಸಿದಳು. ಓದು ಬಾರದ ಬಸಲಿಂಗವ್ವ, ಅಕ್ಷರ ದುಂಡಗಿದಾವ ಎಂದಳು.

ಅರ್ಜಿಯ ಮಾತು ಎತ್ತಿದವಳು ಮೋಹಿನಿಯೇ. ರಿಜಿಸ್ಟರಿನ ಮೇಲೆ ಎಷ್ಟು ದಿನ ಕೂರುವುದು, ಮೇಜಿನ ಕಾಲು ನಾಲ್ಕು ಇಂಚು ಕೊಯ್ದರೆ ಆರು ಜನರ ಕೈ ಉಳಿಯುತ್ತದೆ, ಕಂಪನಿಯ ಬಡಗಿಗೆ ಒಂದು ದಿನದ ಕೆಲಸ ಎಂದು ಅವಳು ಹೇಳಿದಳು. ದಾನವ್ವ ಹಿಂಜರಿದಳು.

“ಇದೆಲ್ಲ ನಿನಗೆ ಗೊತ್ತುಂಟು, ನೀನು ಬರಿ. ಸೈ ಹಾಕಿಸುದು ನನ್ನ ಕೆಲಸ,” ಎಂದಳು ಮೋಹಿನಿ. “ಆರು ಜನ ಒಟ್ಟಿಗೆ ಹೋದ್ರೆ ಯಾರೂ ಎಂತದೂ ಮಾಡುದಿಲ್ಲ ಮಾರಾಯ್ತಿ.”

ದಾನವ್ವ ನಾಲ್ಕು ಸಲ ತಿದ್ದಿ ಇಂಗ್ಲಿಷಿನಲ್ಲಿ ಅರ್ಜಿ ಬರೆದಳು. ಮೇಜಿನ ಎತ್ತರ, ಕುರ್ಚಿಯ ಎತ್ತರ, ಕೈಯಲ್ಲಿ ಎಲ್ಲೆಲ್ಲಿ ನೋವು, ಯಾರ ಕೆಲಸ ತಾಸಿಗೆ ಎಷ್ಟು ಹಾಳೆ ಕಡಿಮೆಯಾಗಿದೆ, ಎಲ್ಲವನ್ನೂ ಒಂದೇ ಪುಟದಲ್ಲಿ ಹಿಡಿಸಿ ಟೈಪ್ ಮಾಡಿದಳು. ಕೆಳಗೆ ಮೊದಲ ಸಹಿ ತಾನೇ ಹಾಕಿದಳು. ಉಳಿದ ಐವರೂ ಬಾಯಿಮಾತಿನಲ್ಲಿ ಒಪ್ಪಿದ್ದರು. ಕಾಗದವನ್ನು ಮೋಹಿನಿ ಮಡಿಸಿ ಚೀಲಕ್ಕೆ ಹಾಕಿಕೊಂಡಳು.

ಒಂದು ವಾರ ಕಳೆಯಿತು. ಕೇಳಿದಾಗಲೆಲ್ಲ ಮೋಹಿನಿ, ಇಬ್ಬರದು ಬಾಕಿ, ಒಬ್ಬಳದು ಬಾಕಿ ಎನ್ನುತ್ತಿದ್ದಳು. ಎರಡನೇ ವಾರದ ಬುಧವಾರ ಆಫೀಸ್ ಸುಪರಿಂಟೆಂಡೆಂಟ್ ನೀಲಕಂಠಪ್ಪನವರು ದಾನವ್ವನನ್ನು ಕರೆಸಿದರು. ಬೆಳಗಾವಿ ಕಡೆಯ ಹಿರಿಯರು. ಕೋಣೆಯಲ್ಲಿ ಬೇರೆ ಯಾರೂ ಇಲ್ಲದಾಗ ಕನ್ನಡದಲ್ಲೇ ಮಾತಾಡುತ್ತಿದ್ದರು. ಮೇಜಿನ ಮೇಲೆ ಎರಡು ಕಾಗದ ಇದ್ದವು.

ಮೊದಲನೆಯದು ಅವಳ ಅರ್ಜಿ. ಅದರಡಿ ಅವಳದೊಂದೇ ಸಹಿ.

ಎರಡನೆಯದನ್ನು ಅವರು ಅವಳ ಕಡೆ ಸರಿಸಿದರು. ಅದರಲ್ಲಿ ಐವರ ಸಹಿ ಇತ್ತು. ಮೇಜುಗಳಿಂದ ತಮಗೆ ಯಾವ ತೊಂದರೆಯೂ ಇಲ್ಲ, ಅರ್ಜಿಗೂ ತಮಗೂ ಸಂಬಂಧವಿಲ್ಲ ಎಂದು ಬರೆದಿತ್ತು. ಕೊನೆಗೆ ಇನ್ನೊಂದು ವಾಕ್ಯ: ದಾನವ್ವನ ಕೆಲಸ ನಿಧಾನವಾಗಿರುವುದು ಅವಳು ಮೊದಲಿನಿಂದ ಕೈ ಇಡುವ ರೀತಿಯೇ ತಪ್ಪಾಗಿರುವುದರಿಂದ; ಅದನ್ನು ಮುಚ್ಚಿಕೊಳ್ಳಲು ಮೇಜಿನ ಮೇಲೆ ದೂರು ಹೊರಿಸುತ್ತಿದ್ದಾಳೆ.

ದಾನವ್ವ ಆ ಹಾಳೆಯನ್ನು ನೋಡುತ್ತ ನಿಂತಳು. ‘ಜಿ’ ಅಕ್ಷರ ಬಂದಲ್ಲೆಲ್ಲ ಕೂದಲೆಳೆಯಷ್ಟು ಮೇಲೆ ನಿಂತಿತ್ತು. ಹಾಗೆ ನಿಲ್ಲಿಸುವುದು ನಾಲ್ಕನೇ ನಂಬರಿನ ಮಷೀನು, ಅದು ಮೋಹಿನಿಯದು. ಬಡಿತ ಒಂದೇ ಸಮ ಇತ್ತು. ಒಂದೂ ‘ಪಿ’ ಮಸುಕಾಗಿರಲಿಲ್ಲ. ಮಸುಕಾಗಿದ್ದರೆ, ಯಾಕೋ, ತನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ ಎಂದು ಅವಳಿಗೆ ಅನಿಸಿತು.

“ನಮ್ಮ ಕಡಿ ಹುಡುಗಿ ಅಂತ ಹೇಳ್ತೇನಿ,” ಎಂದರು ನೀಲಕಂಠಪ್ಪನವರು. “ದೊಡ್ಡ ಸಾಹೇಬರಿಗೆ ಇದನ್ನ ತೋರಿಸಿಲ್ಲ. ತೋರಿಸಿದ್ರ ನಾಳಿಂದ ಬರಬ್ಯಾಡ ಅಂತಾರ. ಟಪಾಲಿನ ಕಡೆ ಒಂದು ಜಾಗ ಐತಿ, ಅಲ್ಲಿ ಹೋಗಿ ಕೂಡು.”

ತನ್ನ ಕೈ ಇಡುವ ರೀತಿ ತಪ್ಪಲ್ಲ, ಬೇಕಾದರೆ ಈಗಲೇ ಕೂತು ತೋರಿಸುತ್ತೇನೆ ಎಂದು ದಾನವ್ವ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ತೋರಿಸುವುದರಿಂದ ಈಗ ಏನೂ ಆಗುವುದಿಲ್ಲ ಎಂದರು.

ಆ ಸಂಜೆ ಬೋರಿಬಂದರಿನಲ್ಲಿ ಮೋಹಿನಿ ಎಂದಿನಂತೆ ಮೊದಲೇ ಹೋಗಿ ಜಾಗ ಹಿಡಿದಿದ್ದಳು. ಕರವಸ್ತ್ರ ಹಾಸಿತ್ತು. ದಾನವ್ವ ಕೂರಲಿಲ್ಲ, ಎದುರಿಗೆ ಕಂಬಿ ಹಿಡಿದು ನಿಂತಳು. ಗಾಡಿ ಮಸ್ಜಿದ್ ಬಿಟ್ಟಮೇಲೆ ಮೋಹಿನಿ ತಾನಾಗಿಯೇ ಹೇಳತೊಡಗಿದಳು. ಪಾರ್ಸಿ ಬಾಯಿ ಮಾರ್ಚಿಗೆ ಬಿಡುತ್ತಾರೆ. ಆ ಜಾಗಕ್ಕೆ ನಿಮ್ಮಿಬ್ಬರಲ್ಲಿ ಒಬ್ಬರು ಎಂದು ನೀಲಕಂಠಪ್ಪನವರು ತನ್ನನ್ನು ಕರೆದು ಹೇಳಿದರು. ಅರ್ಜಿಯ ಸುದ್ದಿ ಅವರಿಗೆ ಅದಾಗಲೇ ಮುಟ್ಟಿತ್ತು. ಅದರಲ್ಲಿ ನೀನೂ ಇದ್ದೀಯಾ ಎಂದು ಕೇಳಿದರು. ತಂದೆಗೆ ದಮ್ಮು ಜಾಸ್ತಿಯಾಗಿ ಹೋಟೆಲಿನ ಕೆಲಸ ಬಿಟ್ಟು ಆರು ವಾರ ಆಗಿತ್ತು. ಅದನ್ನು ದಾನವ್ವನಿಗೆ ಹೇಳಿರಲಿಲ್ಲ, ನಾಚಿಕೆ ಆಗಿತ್ತು.

“ನಾನು ಎಂತ ಮಾಡ್ಬೇಕಿತ್ತು, ನೀನೇ ಹೇಳು,” ಎಂದಳು.

“ನನಗ ಹೇಳಬೇಕಿತ್ತು,” ಎಂದಳು ದಾನವ್ವ. “ನಾ ಅರ್ಜಿ ಹಿಂದ ತಗೋತಿದ್ದೆ. ಆ ಜಾಗಾನೂ ನನಗ ಬ್ಯಾಡ ಅಂತಿದ್ದೆ.”

ಮೋಹಿನಿ ತಲೆ ತಗ್ಗಿಸಿದಳು.

“ಮೇಜು ಛಲೋ ಅದಾವ ಅಂತ ಬರದಿ, ಇರ್ಲಿ. ಅಷ್ಟ ಅವರು ಕೇಳಿದ್ದು. ನನ್ನ ಕೈ ತಪ್ಪು ಅಂತ ಯಾರು ಬರೀ ಅಂದ್ರು?”

ಬೈಖಲಾ ಬಂತು, ಜನ ಹತ್ತಿದರು, ಹಾಸಿದ ಕರವಸ್ತ್ರವನ್ನು ಯಾರೋ ಹೆಂಗಸು ಎತ್ತಿ ಮೋಹಿನಿಯ ಕೈಗೆ ಕೊಟ್ಟು ಆ ಜಾಗದಲ್ಲಿ ಕೂತಳು. ಚಿಂಚಪೋಕಳಿ ದಾಟಿದ ಮೇಲೆ ಮೋಹಿನಿ ಬಹಳ ಸಣ್ಣ ದನಿಯಲ್ಲಿ ಅಂದಳು: “ಬರೇ ಅಷ್ಟೇ ಬರೆದಿದ್ರೆ ಅವರು ನಂಬ್ತಿರ್ಲಿಲ್ಲ.”

ದಾನವ್ವ ಮರುದಿನದಿಂದ ಅರ್ಧ ತಾಸು ಮೊದಲಿನ ಲೋಕಲಿಗೆ ಹೋಗತೊಡಗಿದಳು.

ಟಪಾಲಿನ ವಿಭಾಗ ಕೆಳಮಹಡಿಯಲ್ಲಿತ್ತು. ಲಕೋಟೆಗೆ ಅಂಟು ಹಚ್ಚುವುದು, ಅಂಚೆಚೀಟಿ ಹಚ್ಚುವುದು. ಮೇಲಿನ ಕೋಣೆಯಿಂದ ಮಷೀನುಗಳ ಸದ್ದು ಮೆಟ್ಟಿಲು ಇಳಿದು ಬರುತ್ತಿತ್ತು. ಅವಳ ಕೈನೋವು ಪೂರ್ತಿ ಬಿಟ್ಟಿತು. ಬಿಟ್ಟದ್ದಕ್ಕೇ ಅವಳಿಗೆ ಕೋಪ ಬರುತ್ತಿತ್ತು. ಮನೆಯಲ್ಲಿ, ಟಪಾಲಿನ ಕೆಲಸ ಹೆಚ್ಚಾಗಿ ತನ್ನನ್ನು ಬೇರೆ ಕಡೆ ಹಾಕಿದರು ಎಂದಷ್ಟೇ ಹೇಳಿದಳು. ಮೋಹಿನಿ ಯಾಕೆ ಬರುವುದಿಲ್ಲ ಎಂದು ಅವ್ವ ಕೇಳಿದಾಗ, ಹೆಡ್ ಟೈಪಿಸ್ಟ್ ಆಗಿದ್ದಾಳೆ, ಪುರಸೊತ್ತಿಲ್ಲ ಎಂದಳು. ಸುಳ್ಳೂ ಅಲ್ಲ ಅದು. ನಿಜ ಹೇಳಿದರೆ ಅವ್ವ ಮೋಹಿನಿಯನ್ನು ಬೈಯುತ್ತಾಳೆ. ಆ ಬೈಗುಳ ಕೇಳುವುದು ತನ್ನಿಂದ ಆಗದು ಎಂದು ಅವಳಿಗೆ ಗೊತ್ತಿತ್ತು, ಯಾಕೆ ಆಗದು ಎಂಬುದು ಗೊತ್ತಿರಲಿಲ್ಲ.

ಐದು ತಿಂಗಳ ನಂತರ ಅವಳು ಆ ಕಂಪನಿ ಬಿಟ್ಟಳು. ಮಾಟುಂಗದಲ್ಲೇ ಉಡುಪಿ ಹೋಟೆಲೊಂದರ ಮೇಲಿನ ಅಂತಸ್ತಿನಲ್ಲಿ ಸಿದ್ದಲಿಂಗಪ್ಪ ಎಂಬವರು ಟೈಪಿಂಗ್ ಕ್ಲಾಸು ನಡೆಸುತ್ತಿದ್ದರು. ಅವರಿಗೆ ಹೆಣ್ಣುಮಕ್ಕಳಿಗೆ ಕಲಿಸುವವರು ಬೇಕಾಗಿತ್ತು. ಸೇರುವ ಮೊದಲೇ ದಾನವ್ವ ಒಂದು ಮಾತು ಕೇಳಿದಳು: ಮೇಜಿನ ಕಾಲು ಕೊಯ್ಸಬಹುದೇ. ಸಿದ್ದಲಿಂಗಪ್ಪನವರು ನಕ್ಕು, ನಿಮ್ಮ ಕೈಲಿ ಆದರೆ ಮಷೀನಿನ ಕಾಲೂ ಕೊಯ್ಸಿರಿ ಎಂದರು. ಬಡಗಿ ಬಂದು ಒಂಬತ್ತು ಮೇಜು ಕೊಯ್ದ. ಎರಡು ವರ್ಷದಲ್ಲಿ ಅವಳ ಕೈಕೆಳಗೆ ಕಲಿತವರು ಫೋರ್ಟ್ ಭಾಗದ ಅರ್ಧ ಕಚೇರಿಗಳಲ್ಲಿದ್ದರು. ಹುಡುಗಿಯರು ಅವಳನ್ನು ಇಷ್ಟಪಡುತ್ತಿದ್ದರು, ಆದರೆ ಯಾರೂ ಅವಳಿಗೆ ಹತ್ತಿರವಾಗಲಿಲ್ಲ. ಹತ್ತಿರವಾಗಲು ಅವಳು ಬಿಡುತ್ತಿರಲಿಲ್ಲ.

ಐವತ್ತೇಳರ ಏಪ್ರಿಲ್‌ನಲ್ಲಿ ಮೋಹಿನಿ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಮದುವೆಯ ಕರೆಯೋಲೆ. ಸ್ವಲ್ಪ ದಪ್ಪಗಾಗಿದ್ದಳು, ಒಳ್ಳೆಯ ಸೀರೆ ಉಟ್ಟಿದ್ದಳು. ಕ್ಲಾಸು ಶುರುವಾಗಲು ಕಾಲು ತಾಸು ಇತ್ತು. ದಾನವ್ವ ಕುರ್ಚಿ ತೋರಿಸಿದಳು.

ಕಲ್ಕತ್ತೆಯಿಂದ ಹೊಸ ಸಾಹೇಬರು ಬಂದು ಕಂಪನಿಯ ಮೇಜುಗಳನ್ನೆಲ್ಲ ಇಳಿಸಿದರು ಎಂದು ಮೋಹಿನಿ ಹೇಳಿದಳು. ಹಳೆಯ ಅರ್ಜಿಯ ಅಳತೆಗಳನ್ನೇ ತಾನು ಅವರಿಗೆ ಕೊಟ್ಟೆ, ಈಗ ಆ ಕೋಣೆಯಲ್ಲಿ ಯಾರಿಗೂ ನೋವಿಲ್ಲ ಎಂದಳು. ಇದನ್ನು ಕೇಳಿ ದಾನವ್ವನ ಮುಖ ಬದಲಾಗುತ್ತದೆ ಎಂದು ಅವಳು ಕಾದಂತಿತ್ತು.

“ನಿಮ್ಮ ತಂದೆಯವರು ಹ್ಯಾಂಗ ಅದಾರ್ರೀ?” ಎಂದು ದಾನವ್ವ ಕೇಳಿದಳು.

ಮೋಹಿನಿ ಅವಳನ್ನು ನೋಡಿದಳು. ಹಿಂದೆ ಯಾವತ್ತೂ ಅವಳ ಬಾಯಲ್ಲಿ ತನಗೆ ಬಹುವಚನ ಬಂದಿರಲಿಲ್ಲ. ತಂದೆ ಹೋಗಿ ಒಂದು ವರ್ಷವಾಯಿತು ಎಂದು ಉತ್ತರಿಸಿದಳು. ದಾನವ್ವ, ಕೆಟ್ಟದ್ದಾಯಿತು ಎಂದಳು. ಅದು ಮನಸ್ಸಿನಿಂದಲೇ ಬಂದ ಮಾತು.

“ನನ್ನನ್ನು ಬೈದುಬಿಡು ದಾನವ್ವ,” ಎಂದಳು ಮೋಹಿನಿ. “ಒಂದು ಸಲ ಬೈದುಬಿಡು.”

“ಕ್ಲಾಸಿನ ಹೊತ್ತಾತು,” ಎಂದಳು ದಾನವ್ವ. “ಮದುವಿ ಛಲೋ ಆಗಲಿ ನಿಮ್ದು.”

ಮದುವೆ ರವಿವಾರ, ಮುಲುಂಡಿನಲ್ಲಿ. ನೆಗಡಿಯಾಗಿದೆ ಎಂದು ದಾನವ್ವ ಮಲಗಿಕೊಂಡಳು. ಏನೂ ಗೊತ್ತಿಲ್ಲದ ಬಸಲಿಂಗವ್ವ ಒಂದು ಕುಪ್ಪಸದ ಬಟ್ಟೆ, ಐದು ಬಟ್ಟಲು ಕೊಬ್ಬರಿ ಚೀಲದಲ್ಲಿ ಹಾಕಿಕೊಂಡು ಒಬ್ಬಳೇ ಹೋಗಿ ಉಂಡು ಮಧ್ಯಾಹ್ನದ ಲೋಕಲಿಗೆ ಮರಳಿದಳು. ಹುಡುಗ ಲಕ್ಷಣವಾಗಿದ್ದಾನೆ, ಪಾಯಸ ಎರಡು ಸಲ ಬಡಿಸಿದರು, ಮದುಮಗಳು ತನ್ನ ಕಾಲಿಗೆ ಬಿದ್ದು ಬಹಳ ಹೊತ್ತು ಏಳಲೇ ಇಲ್ಲ ಎಂದು ಒಂದೊಂದಾಗಿ ಹೇಳಿದಳು. ದಾನವ್ವ ಹಾಸಿಗೆಯಲ್ಲಿ ಎದ್ದು ಕೂತು ಎಲ್ಲವನ್ನೂ ಕೇಳಿಸಿಕೊಂಡಳು.

“ನೀ ಯಾಕ ಬರಲಿಲ್ಲ ಅಂತ ಕೇಳಿದ್ಲವಾ,” ಎಂದಳು ಬಸಲಿಂಗವ್ವ.

“ಏನಂದಿ?”

“ನೆಗಡಿ ಅಂದೆ. ಅಳಾಕ ಹತ್ತಿದ್ಲು. ನೆಗಡಿಗೆ ಯಾರರ ಅಳ್ತಾರೇನು?”

ದಾನವ್ವ ಅವ್ವನ ಕೈಯಿಂದ ಖಾಲಿ ಚೀಲ ತೆಗೆದುಕೊಂಡು ಮೊಳೆಗೆ ತೂಗುಹಾಕಿ, ಚಹಾಕ್ಕೆ ನೀರಿಡಲು ಒಳಗೆ ಹೋದಳು.