ನಾಲ್ಕು ಮತದ ವಾರ್ಡು

ಮಹಾರಾಷ್ಟ್ರದ ಇಚಲಕರಂಜಿಯ ಮಗ್ಗದ ಓಣಿಯಲ್ಲಿ ಲಾಳಿಯೊಳಗಿನ ಕಾಂಡಿಗೆ ನೂಲು ಸುತ್ತುವ ಸಾವಕ್ಕ ಹೋದ ಸಲ ನಗರಸಭೆಗೆ ಗೆದ್ದದ್ದು ಕೂಲಿಯ ಒಂದೇ ಮಾತಿನ ಮೇಲೆ: ಮಜೂರಿ ಹೆಚ್ಚಾಗಬೇಕು. ವಾರ್ಡು ಅಂಗೈಯಗಲ, ಇದ್ದವರೆಲ್ಲ ಮಗ್ಗದವರು. ಎರಡನೇ ಮಾತು ಯಾರಿಗೆ ಬೇಕಿತ್ತು?

ಈಗ ಊರು ಮಹಾನಗರಪಾಲಿಕೆಯಾಗಿ ವಾರ್ಡು ಹಿಗ್ಗಿತು. ಒಂದೇ ವಾರ್ಡಿನಿಂದ ನಾಲ್ವರ ಆಯ್ಕೆ, ಸೀಟಿಗೊಂದರಂತೆ ಮತದಾರರಿಗೆ ತಲಾ ನಾಲ್ಕು ಮತ. ಓಣಿಯ ಜೊತೆ ಮಾಲಕರ ಬಂಗಲೆಗಳೂ ಅಂಗಡಿ ಸಾಲೂ ಸೇರಿದವು. ಒಬ್ಬಂಟಿಯಾಗಿ ನಿಂತರೆ ಠೇವಣಿಯೂ ಉಳಿಯದೆಂದು ಸಾವಕ್ಕನ ಪುಟ್ಟ ಪಕ್ಷ ಮಗ್ಗದ ಮಾಲಕ ಪದ್ಮಕುಮಾರನ ನಾಲ್ವರ ಪ್ಯಾನಲ್ಲು ಸೇರಿತು. ಅವಳಿಗೆ ನಗುವೂ ಬಂತು, ಸಿಟ್ಟೂ ಬಂತು.

ಪದ್ಮಕುಮಾರ ಕರಪತ್ರದ ಕರಡು ತಂದ. ಅದರಲ್ಲಿ ಮಜೂರಿಯ ಸಾಲು ಮಾಯ, ಆ ಜಾಗದಲ್ಲಿ "ಸರ್ವರ ವಿಕಾಸ".

"ಬಂಗಲೆದವರ ಓಟೂ ಬೇಕಲ್ರಿ ಸಾವಕ್ಕಾರ. ಇದನ್ನ ಓದಿದ್ರ ಯಾರಿಗೂ ಬ್ಯಾಸರ ಆಗೂದಿಲ್ಲ."

"ಖುಷಿನೂ ಆಗೂದಿಲ್ರಿ ಮಾಲಕ. ಎದರಿನ ಪ್ಯಾನಲ್ಲಿನವರೂ ಇದನ್ನ ಛಾಪ್ಸ್ಯಾರ. ನನ್ನ ಸಾಲು ಹೋದ್ರ ನಾ ಯಾಕ ನಿಲ್ಲಬೇಕು?"

"ಮಂದಿ ಏನಂತಾರ ನೋಡೂಣು ತಗೊರಿ."

ಶುಕ್ರವಾರ, ಮಗ್ಗದ ರಜೆಯ ದಿನ, ಓಣಿಯಲ್ಲಿ ರಟ್ಟಿನ ಮತಯಂತ್ರ ಇಟ್ಟು ಹೆಂಗಸರಿಗೆ ತಾಲೀಮು ಶುರುವಾಯಿತು. ನಾಲ್ಕು ಬಟನ್ ಒತ್ತಿದ ಮೇಲೆ "ಪೀಂ" ಅನ್ನುವ ಕೆಲಸ ಸ್ವತಃ ಪದ್ಮಕುಮಾರನದು. ಮೊದಲು ಬಂದ ಚೆನ್ನವ್ವ ಸಾವಕ್ಕನ ಗುರುತು ಒತ್ತಿ ಹೊರಟೇಬಿಟ್ಟಳು.

"ಯವ್ವಾ, ಇನ್ನೂ ಮೂರು ಒತ್ತಬೇಕ್ರಿ! ಇಲ್ಲಂದ್ರ ಪೀಂ ಅನ್ನೂದಿಲ್ಲ," ಎಂದ ಪದ್ಮಕುಮಾರ.

ಚೆನ್ನವ್ವ ಹಿಂದಿರುಗಿ, ಉಳಿದ ಮೂರು ಸೀಟುಗಳಲ್ಲೂ "ಯಾರೂ ಬೇಡ" ಎಂಬುದನ್ನು ಹುಡುಕಿ ಹುಡುಕಿ ಒತ್ತಿದಳು. ಅವಳ ಹಿಂದಿದ್ದವರೂ ಹಾಗೆಯೇ ಮಾಡಿದರು. ಪೀಂ ಅನ್ನುತ್ತ ಅನ್ನುತ್ತ ಪದ್ಮಕುಮಾರನ ದನಿ ಉಡುಗಿತು.

ಸಾವಕ್ಕನೂ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಬಂಗಲೆಯವರು ಸೇಡಿಗೆ ತನ್ನ ಸೀಟಿನಲ್ಲೂ ಹೀಗೆಯೇ ಒತ್ತಿದರೆ ತಾನೂ ಸೋತಂತೆ. ಅವಳಿಗೂ ಗೆಲ್ಲುವ ಆಸೆ ಕಡಿಮೆ ಇರಲಿಲ್ಲ.

"ಇವರಿಗೆ ನೀವ ಹೇಳ್ರಲಾ, ಸಾವಕ್ಕಾರ," ಎಂದ ಪದ್ಮಕುಮಾರ ಮೆಲ್ಲಗೆ.

"ಏನಂತ ಹೇಳ್ಲಿ? ಸರ್ವರ ವಿಕಾಸ ಅಂತ?"

ಅವನು ರಟ್ಟನ್ನು ನೋಡಿದ, ಓಣಿ ತುಂಬ ನಿಂತ ಮಂದಿಯನ್ನು ನೋಡಿದ. ಕಟ್ಟೆ ಹತ್ತಿ, ಗಂಟಲು ಸರಿಮಾಡಿಕೊಂಡು ಕೂಗಿದ: "ಮಜೂರಿ ಹೆಚ್ಚಾಗಬೇಕು!"

ಓಣಿ ಕೇಕೆ ಹಾಕಿ ನಕ್ಕಿತು. ಅವನದೇ ಕಾರ್ಖಾನೆಯಲ್ಲಿ ಮಗ್ಗ ನಡೆಸುವ ರಾಯಪ್ಪ ಕೈ ಎತ್ತಿದ. "ಯಾವತ್ತಿಂದ್ರಿ, ಮಾಲಕ?"

ನಗು ತಟ್ಟನೆ ನಿಂತಿತು.

"ಸೋಮವಾರದಿಂದ," ಎಂದ ಪದ್ಮಕುಮಾರ, ಬೆವರು ಒರೆಸಿಕೊಳ್ಳುತ್ತ.

ಸಂಜೆಯೊಳಗೆ ಎದುರು ಪ್ಯಾನಲ್ಲಿನ ಮಾಲಕನೂ ಓಡೋಡಿ ಬಂದು, ತನ್ನ ಮಗ್ಗಗಳಿಗೆ ರವಿವಾರದಿಂದಲೇ ಹೊಸ ಮಜೂರಿ ಎಂದು ಸಾರಿ ಹೋದ. ಸಾವಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಚುನಾವಣೆಗೆ ಇನ್ನೂ ಎಂಟು ದಿನವಿತ್ತು.