ಆರದ ಒಲೆ

ಹುಟ್ಟಿಲ್ಲದ ದೋಣಿಯೊಂದರಲ್ಲಿ ನಡುಹೊಳೆಯಲ್ಲಿ ಸಿಕ್ಕಿಬಿದ್ದ ಹೆಣ್ಣೊಬ್ಬಳನ್ನು ಅಜ್ಜ ತಮ್ಮ ಹರೆಯದಲ್ಲಿ ದಡ ಮುಟ್ಟಿಸಿದ್ದರು. ಹೊಳೆ, ದೋಣಿ, ಹೆಣ್ಣು ಮೂರೂ ಕಾಗದದ ಮೇಲಿನವು ಎಂಬುದೊಂದನ್ನು ಬಿಟ್ಟರೆ ಆ ಸಾಹಸದಲ್ಲಿ ಯಾವ ಕೊರತೆಯೂ ಇರಲಿಲ್ಲ. ಅದನ್ನು ಹೇಳಲು ತೊಡಗಿದರೆ ಅವರ ಬಾಗಿದ ಬೆನ್ನು ಈಗಲೂ ತಾನಾಗಿ ನೆಟ್ಟಗಾಗುತ್ತಿತ್ತು.

ಆಗ ಅವರು ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದರು. ಒಂದು ಒತ್ತು ಜಾರಿದರೂ ಬಿಡದ ಅವರಿಗೆ ಅಚ್ಚುಮೊಳೆ ಜೋಡಿಸುವವರು ‘ಸೂಜಿಗಣ್ಣು’ ಎಂದು ಹೆಸರಿಟ್ಟಿದ್ದರು. ಪತ್ರಿಕೆಗೆ ಅನ್ನ ಹಾಕುತ್ತಿದ್ದುದು ಒಂದು ಧಾರಾವಾಹಿ. ಅದರ ಲೇಖಕ ಒಂದು ದಿನ ಸಂಪಾದಕರೊಡನೆ ಜಗಳವಾಡಿ, ನಾಯಕಿಯನ್ನು ಅಕ್ಷರಶಃ ನಡುನೀರಿನಲ್ಲಿ ಕೈಬಿಟ್ಟು ಹೊರಟುಹೋದ. ಆ ಕಥೆಯ ಪ್ರತಿಯೊಂದು ಸಾಲನ್ನೂ ಕಣ್ಣಲ್ಲಿ ಕಣ್ಣಿಟ್ಟು ಓದಿದ್ದವರು ಕಚೇರಿಯಲ್ಲಿ ಸೂಜಿಗಣ್ಣು ಒಬ್ಬರೇ. ಹೀಗಾಗಿ ಉಳಿದ ಕಂತುಗಳು ಅವರ ತಲೆಯ ಮೇಲೆ ಬಿದ್ದವು.

“ಏನಿದೆ ಮಹಾ ಅದರಲ್ಲಿ?” ಎಂದಿದ್ದರು ಸಂಪಾದಕರು. “ನಾಯಕನ್ನ ಒಂದು ಮೋಟಾರು ದೋಣೀಲಿ ಕಳಿಸು. ಎತ್ತಾಕ್ಕೊಂಡು ಬರ್ಲಿ. ಮದುವೆ ಮಾಡಿಸಿ ಕೈ ತೊಳ್ಕೋ.”

“ಅವಳು ತಾನಾಗೇ ಬರ್ತಾಳೆ ಸಾರ್,” ಎಂದಿದ್ದರು ಅಜ್ಜ.

ಬರೆದ ಪುಟವನ್ನು ಸಂಪಾದಕರು ಹರಿದರು. ಅಜ್ಜ ಮತ್ತೆ ಬರೆದರು. ಅದನ್ನೂ ಹರಿದರು, ಅಜ್ಜ ಮತ್ತೊಮ್ಮೆ ಬರೆದು, ನೇರವಾಗಿ ಅಚ್ಚುಕೋಣೆಗೆ ಒಯ್ದು, ಯಂತ್ರಕ್ಕೆ ಬೆನ್ನು ಕೊಟ್ಟು ನಿಂತರು. “ಇದು ಹೀಗೇ ಅಚ್ಚಾಗ್ಬೇಕು. ಇಲ್ಲಾಂದ್ರೆ ನಾಳೆಯಿಂದ ನಿಮ್ಮ ತಪ್ಪು ಹಿಡಿಯೋಕೆ ಬೇರೆ ಕಣ್ಣು ಹುಡುಕ್ಕೊಳ್ಳಿ.” ಅದು ಹಾಗೆಯೇ ಅಚ್ಚಾಯಿತು. ನಾಯಕಿ ಯಾರ ಹಂಗೂ ಇಲ್ಲದೆ ದಡ ಸೇರಿದಳು. ಕೈ ಬದಲಾದದ್ದು ಒಬ್ಬ ಓದುಗನಿಗೂ ತಿಳಿಯಲಿಲ್ಲ.

ಈಗ ಒಂದು ಸೋಮವಾರ ಬೆಳಗ್ಗೆ ಊಟದ ಮೇಜಿನ ಮುಂದೆ ಈ ಕಥೆ ಇನ್ನೊಮ್ಮೆ ಮುಗಿದಾಗ, ಸೊಸೆ ಎಂದಿನಂತೆ, “ದಡ ಸೇರಿದ್ಲಲ್ಲ ಮಾವ, ಈಗ ಕಾಫಿ ಕುಡೀರಿ, ಆರ್ತಿದೆ,” ಎಂದಳು. ಕೆಲಸಕ್ಕೆ ಹೊರಟಿದ್ದ ಮೊಮ್ಮಗಳು ಮಾತ್ರ ಕಾಲುಚೀಲ ಏರಿಸುವುದನ್ನು ನಿಲ್ಲಿಸಿ ತಲೆಯೆತ್ತಿದಳು.

“ಅಜ್ಜ, ಹಾಗಾದ್ರೆ ನೀವು ಬರ್ದಿದ್ದೂ ಫ್ಯಾನ್ ಫಿಕ್ಷನ್ನೇ ತಾನೆ?”

“ಏನದು?”

“ಇನ್ನೊಬ್ರು ಹುಟ್ಟಿಸಿದ ಪಾತ್ರ ಇಟ್ಕೊಂಡು ನಾವು ಕಥೆ ಬೆಳೆಸೋದು. ನಾನು ಬರೀತಿದೀನಲ್ಲ, ಅದೇ.”

ಅಜ್ಜನಿಗೆ ಕಾಫಿ ಕಹಿಯಾಯಿತು. ಮೊಮ್ಮಗಳು ಯಾವುದೋ ಅನಿಮೆಯನ್ನು, ಎಂದರೆ ಜಪಾನಿನ ಕಡೆಯ ಚಿತ್ರಸರಣಿಯನ್ನು, ಹಿಡಿದುಕೊಂಡು ಫೋನಿನಲ್ಲಿ ಏನೇನೋ ಬರೆಯುತ್ತಾಳೆಂದು ಅವರಿಗೆ ಗೊತ್ತಿತ್ತು. ಆದರೆ ಅದನ್ನು ತಂದು ತಮ್ಮ ದೋಣಿಯ ಪಕ್ಕದಲ್ಲಿ ಕೂರಿಸುವುದೇ?

“ನನ್ನದು ಕರ್ತವ್ಯ,” ಎಂದರು. “ನಿನ್ನದು ಗೀಳು.”

“ಇಬ್ರದ್ದೂ ಒಂದೇ,” ಎಂದು ಸೊಸೆ ಲೋಟಗಳನ್ನು ಎತ್ತಿಕೊಂಡಳು. “ಊರವರ ಮಕ್ಕಳಿಗೆ ಸಂಸಾರ ಹೂಡಿಕೊಡೋದು. ಇವಳ ಕೋಣೆ ಚಿಲಕ ಕಿತ್ತು ಎಷ್ಟು ದಿನ ಆಯ್ತು, ಅದಕ್ಕೆ ಮಾತ್ರ ಯಾರೂ ಮುಂದಿನ ಕಂತು ಬರೆಯಲ್ಲ.”

ಮೊಮ್ಮಗಳು ನಗಲಿಲ್ಲ. “ಈ ಭಾನುವಾರ ಸಂಜೆಗೆ ನಂದು ಮುಗಿಯತ್ತೆ ಅಜ್ಜ. ಮುಗೀಲಿಲ್ಲ ಅಂದ್ರೆ ಪೂರ್ತಿ ಅಳಿಸಿಹಾಕ್ತೀನಿ. ಓದೋರಿಗೆಲ್ಲ ಹೇಳಿಬಿಟ್ಟಿದೀನಿ.”

“ಅಳಿಸೋದ್ಯಾಕೆ?”

“ನಾನು ಕಥೆ ಹಾಕೋ ಜಾಲತಾಣ ಅನ್ನೋದು ಅರ್ಧಕ್ಕೆ ನಿಂತ ಕಥೆಗಳ ಸ್ಮಶಾನ. ಎಲ್ರೂ ಬೆಟ್ಟ ಹೊರೋಕೆ ಹೊರಡ್ತಾರೆ, ನಡುದಾರೀಲಿ ಇಳಿಸಿ ಓಡಿಹೋಗ್ತಾರೆ. ಮೂರು ವರ್ಷದಿಂದ ಬರೀತಿದೀನಿ, ಈಗ ಐದಾರು ತಿಂಗಳಿಂದ ಒಂದು ಸಾಲು ಮುಂದೆ ಹೋಗಿಲ್ಲ. ನಂದೂ ಅಲ್ಲಿ ಹೆಣವಾಗಿ ಬಿದ್ದಿರೋದು ಬೇಡ.”

ಆ ದನಿಯಲ್ಲಿ ಯಂತ್ರಕ್ಕೆ ಬೆನ್ನು ಕೊಟ್ಟು ನಿಂತ ಯಾರದೋ ಹಟವಿತ್ತು. ಅಜ್ಜ ಕೈ ಚಾಚಿದರು. “ತಂದುಕೊಡು. ಓದ್ತೀನಿ.”

“ಬೈಬಾರ್ದು.”

“ಬೈಯೋದಿಲ್ಲ. ತಿದ್ದುತ್ತೀನಿ.”

“ಅದಕ್ಕಿಂತ ಬೈಗುಳಾನೇ ವಾಸಿ,” ಎಂದು ಅವಳು ಬಾಗಿಲು ಎಳೆದುಕೊಂಡು ಹೋದಳು.

ಸಂಜೆ ದಪ್ಪ ಅಕ್ಷರದಲ್ಲಿ ಮುದ್ರಿಸಿದ ಒಂದು ಹೊರೆ ಕಾಗದ ಬಂತು. ಅಜ್ಜ ಕೆಂಪು ಪೆನ್ಸಿಲು ಚೂಪು ಮಾಡಿಕೊಂಡು ಕುಳಿತರು. ಮೂಲ ಸರಣಿಯಲ್ಲಿ ಆಕಾಶದಲ್ಲಿ ತೇಲುವ ಒಂದು ಹಡಗು. ಅದರ ಎಳೆಯ ಕಪ್ತಾನನ ಸಾಹಸಗಳೇ ಅಲ್ಲಿಯ ಕಥೆ. ಹಡಗಿನಲ್ಲೊಬ್ಬಳು ಅಡುಗೆಯವಳು. ಬಿರುಗಾಳಿಯ ಒಂದು ಕಂತಿನಲ್ಲಿ ಅವಳು ಮುರಿದ ಮೆಟ್ಟಿಲಿನೊಡನೆ ಮೋಡದೊಳಕ್ಕೆ ಬಿದ್ದುಹೋಗುತ್ತಾಳೆ. ಮುಂದೆ ಅವಳ ಸುದ್ದಿಯನ್ನೇ ಯಾರೂ ಎತ್ತುವುದಿಲ್ಲ. ಮೊಮ್ಮಗಳು ಹಿಡಿದದ್ದು ಅವಳನ್ನು. ಬಿದ್ದವಳು ಸಾಯದೆ, ಮೋಡದ ಕೆಳಗಿನ ನಾಡುಗಳಲ್ಲಿ ಬದುಕಿ, ತನ್ನ ಹಡಗನ್ನು ಹುಡುಕುತ್ತ ನಡೆದರೆ? ನಾಡುಗಳು ಮೂರು, ಯುದ್ಧಗಳು ಲೆಕ್ಕವಿಲ್ಲದಷ್ಟು, ಪಾತ್ರಗಳು ಒಂದು ರೈಲಿಗಾಗುವಷ್ಟು. ಈಗ ಅಡುಗೆಯವಳು ಹಡಗಿನ ಕೆಳಗೇ ಬಂದು ನಿಂತಿದ್ದಾಳೆ. ಮೇಲೆ ಹತ್ತುವ ದಾರಿ ಮಾತ್ರ ಬರೆಯುವವಳಿಗೇ ಕಾಣುತ್ತಿಲ್ಲ.

ಗುರುವಾರ ಅಜ್ಜ ಹೊರೆಯನ್ನು ಕಂಕುಳಲ್ಲಿಟ್ಟುಕೊಂಡು ಮೊಮ್ಮಗಳು ಕೆಲಸ ಮಾಡುವ ಕನ್ನಡಕದ ಅಂಗಡಿಗೇ ಹೋದರು. ಹಿಂದಿನ ಚಿಕ್ಕ ಕೋಣೆಯಲ್ಲಿ ಅವಳು ಗಾಜಿನ ಅಂಚನ್ನು ತಿರುಗುವ ಕಲ್ಲಿಗೆ ಹಿಡಿದಿದ್ದಳು. ಕಲ್ಲಿನ ಮೇಲೆ ನೀರು ತೊಟ್ಟಿಕ್ಕುತ್ತಿತ್ತು, ಮೇಜಿನ ಮೇಲೆ ಸಾಸಿವೆಯಷ್ಟು ಚಿಕ್ಕ ತಿರುಪುಮೊಳೆಗಳು ಒಂದು ಅಯಸ್ಕಾಂತಕ್ಕೆ ಅಂಟಿಕೊಂಡಿದ್ದವು.

“ಮೂವತ್ತು ಜನ ಇದಾರೆ ನಿನ್ನ ಕಥೇಲಿ,” ಎಂದು ಅಜ್ಜ ಸ್ಟೂಲಿನ ಮೇಲೆ ಕುಳಿತರು. “ಒಬ್ಬರ ಮುಖಾನೂ ನನಗೆ ಕಾಣಲಿಲ್ಲ.”

“ಅನಿಮೆ ನೋಡಿದೋರಿಗೆ ಎಲ್ಲರ ಮುಖಾನೂ ಗೊತ್ತಿರತ್ತಲ್ಲ ಅಜ್ಜ.”

“ನಾನು ನೋಡಿಲ್ಲ. ಮುಖಗಳನ್ನ ಪರದೆಯಿಂದ ಕಡ ತಂದಿದೀಯ, ನೀನಾಗಿ ಒಂದು ಮೂಗೂ ಬರೆದಿಲ್ಲ. ಇಲ್ಲಿ ನೋಡು, ‘ಹಿನ್ನೆಲೆಯಲ್ಲಿ ಪಿಟೀಲು’. ನಟ್ಟಡವೀಲಿ ಯಾರು ಬಾರಿಸ್ತಿರೋದು?”

ಅವಳ ಕಿವಿ ಕೆಂಪಾಯಿತು. “ಅಲ್ಲಿ ಆ ಸಂಗೀತ ಬರತ್ತೆ ಅನ್ಕೊಂಡು ಓದ್ಬೇಕು.”

“ಕಾಗದಕ್ಕೆ ಪಿಟೀಲು ಬರಲ್ಲ ಮರಿ. ಓದೋರಿಗೆ ಅಳು ಬರಿಸೋದಾದ್ರೆ ಸಾಲೇ ಬರಿಸ್ಬೇಕು. ಇನ್ನು ಹೊಡೆದಾಟ. ಒಬ್ಬೊಬ್ಬನೂ ಹೊಡೆಯೋ ಮೊದಲು ಏಟಿನ ಹೆಸರು ಕೂಗ್ತಾನೆ. ಎದುರಿನವನು ಅಲ್ಲೀವರೆಗೂ ಏನು ಮಾಡ್ತಿರ್ತಾನೆ? ಮೂಗು ಒರೆಸ್ಕೊಳ್ತಾನಾ?”

ಮುಂದಿನ ಕೌಂಟರಿನಲ್ಲಿದ್ದ ಅಂಗಡಿಯ ಯಜಮಾನ ಕೆಮ್ಮಿನಂತೆ ನಕ್ಕ. ಮೊಮ್ಮಗಳು ಗಾಜನ್ನು ಬಟ್ಟೆಯ ಮೇಲಿಟ್ಟಳು. “ಕೊನೇಲಿ ಏನು ಮಾಡ್ಬೇಕು ಅಂತಿದೀನಿ ಗೊತ್ತಾ? ಅವಳಿಗೆ ಬೆಂಕಿಯ ರೆಕ್ಕೆ ಮೂಡತ್ತೆ. ಹಾರಿ ಹಡಗಿಗೆ ಹೋಗ್ತಾಳೆ. ಓದೋರು ಕುಣಿದಾಡ್ತಾರೆ.”

“ಮೋಟಾರು ದೋಣಿ,” ಎಂದರು ಅಜ್ಜ.

ಅವಳು ಬಟ್ಟೆಯ ಮೇಲಿಟ್ಟ ಗಾಜನ್ನೇ ಎತ್ತಿ ಮತ್ತೆ ಒರೆಸತೊಡಗಿದಳು. ಆ ಒಂದು ಮಾತು ಎಲ್ಲಿ ತಾಗಬೇಕೋ ಅಲ್ಲೇ ತಾಗಿತ್ತು. ಅಜ್ಜನಿಗೂ ಅದು ಕಂಡಿತು, ದನಿ ಇಳಿಸಿದರು.

“ಯಾರೂ ತಿರುಗಿ ನೋಡದವಳನ್ನ ಕೈಹಿಡಿದು ಇಷ್ಟು ದೂರ ನಡೆಸಿದೀಯ. ಅವಳ ಉಪ್ಪಿನ ಡಬ್ಬಿ ಯಾವ ಹಲಗೆ ಮೇಲಿತ್ತು ಅನ್ನೋದರಿಂದ ಹಿಡಿದು ಎಲ್ಲೂ ಲೆಕ್ಕ ತಪ್ಪಿಲ್ಲ, ಸೂಜಿಗಣ್ಣೇ ಹೇಳ್ತಿದೀನಿ. ಗೀಳು ಅಂದಿದ್ದೆ, ಆ ಮಾತು ವಾಪಸ್ ತಗೊಂಡಿದೀನಿ. ಆದ್ರೆ ಈ ಅಧ್ಯಾಯ ತೆಗಿ. ಬಿದ್ದವಳು ಮೂರು ಕಲ್ಲು ಹೂಡಿ ಒಲೆ ಮಾಡಿ ಸುಮ್ನೆ ಕೂತಿರ್ತಾಳೆ. ಪುಟಗಟ್ಟಲೆ ಏನೂ ನಡೆಯಲ್ಲ, ಬರೀ ಚುಕ್ಕೆ ಚುಕ್ಕೆ ಚುಕ್ಕೆ.”

“ತೆಗೆಯಲ್ಲ.”

“ಏನು?”

“ಪಿಟೀಲು ತೆಗೀತೀನಿ. ಕೂಗಾಟ ತೆಗೀತೀನಿ. ಅದನ್ನ ತೆಗೆಯಲ್ಲ.” ಅವಳು ನೇರವಾಗಿ ನೋಡಿದಳು. “ಅನಿಮೇಲಿ ಅಂಥ ಹೊತ್ತು ಬರತ್ತೆ ಅಜ್ಜ. ಎಲ್ಲ ನಿಂತುಹೋಗತ್ತೆ. ಅದೇ ಅದರ ಜೀವ. ನೀವು ಶನಿವಾರ ನನ್ಜೊತೆ ಕೂತು ಒಂದು ಕಂತು ನೋಡಿ, ಆಮೇಲೆ ತೆಗಿ ಅನ್ನಿ.”

ತಮ್ಮ ಕೆಂಪು ಗೆರೆಯನ್ನು ಇಷ್ಟು ಸ್ಪಷ್ಟವಾಗಿ ತಳ್ಳಿಹಾಕಿದವರನ್ನು ಅಜ್ಜ ಬಹಳ ಕಾಲದಿಂದ ಕಂಡಿರಲಿಲ್ಲ. ಕೋಪ ಬರಬೇಕಿತ್ತು. ಬಂದದ್ದು ಬೇರೇನೋ. “ಆಯ್ತು,” ಎಂದು ಎದ್ದರು.

ಶನಿವಾರ ಅಂಗಡಿಗೆ ಅರ್ಧ ದಿನ. ಮಧ್ಯಾಹ್ನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಅಡುಗೆಯವಳು ಬಿದ್ದ ಮರುದಿನದ ಕಂತನ್ನು ಮೊಮ್ಮಗಳು ಹಾಕಿದಳು. ಬೊಬ್ಬೆಗೆ, ಹಾರುವ ಕೂದಲಿಗೆ, ತಟ್ಟೆಯಗಲದ ಕಣ್ಣುಗಳಿಗೆ ಅಜ್ಜ ಮುಖ ಕಿವಿಚಿಕೊಂಡೇ ಕುಳಿತಿದ್ದರು. ಆಮೇಲೆ ಬೆಳಗಾಯಿತು. ಹಡಗಿನ ಬೋಳು ಡೆಕ್ಕಿನ ಮೇಲೆ ಯಾರೂ ಇಲ್ಲ. ಮುರಿದ ಮೆಟ್ಟಿಲಿದ್ದ ಜಾಗದಲ್ಲಿ ಹಗ್ಗದ ತುಂಡೊಂದು ಗಾಳಿಗೆ ತೂಗುತ್ತಿದೆ. ಮಾತಿಲ್ಲ, ಸಂಗೀತವೂ ಇಲ್ಲ. ಹಗ್ಗ ತೂಗುತ್ತಲೇ ಇತ್ತು. ಅಜ್ಜ ಪರದೆಯ ಕಡೆಗೆ ಬಾಗಿದ್ದರು.

“ಇರ್ಲಿ,” ಎಂದರು ಕೊನೆಗೆ. “ಆ ಅಧ್ಯಾಯ ಇರ್ಲಿ. ಚುಕ್ಕೆಗಳನ್ನ ಕಿತ್ತು ಅಲ್ಲೊಂದು ಹಗ್ಗ ತೂಗುಹಾಕು.” ಮರುಕ್ಷಣ ಸೂಜಿಗಣ್ಣು ಎಚ್ಚರಗೊಂಡಿತು. “ನಿಲ್ಲಿಸು. ಹಿಂದೆ ಹೋಗು. ಆ ಮೂಲೇಲಿ ಬೆಳ್ಳಗೆ ಏನದು?”

“ಹಬೆ. ಅಡುಗೆಮನೆ ಕೊಳವೆಯಿಂದ.”

“ಅಡುಗೆಯವಳು ನಿನ್ನೇನೇ ಬಿದ್ದುಹೋದಳಲ್ಲ. ಒಲೆ ಹಚ್ಚಿದ್ದು ಯಾರು?”

ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. “ಅಯ್ಯೋ ಅಜ್ಜ, ಅದು ಜಗತ್ತಿಗೇ ಗೊತ್ತಿರೋ ತಪ್ಪು! ಹಳೇ ಚಿತ್ರಾನೇ ಎತ್ತಿ ಮತ್ತೆ ಹಾಕಿದಾರೆ. ಆಮೇಲಿನ ಕಂತುಗಳಲ್ಲೂ ಹಾಗೇ ಇದೆ. ನಮ್ಮ ಗುಂಪಲ್ಲಿ ‘ದೆವ್ವದ ಅಡುಗೆಮನೆ’ ಅಂತ ಆಡ್ಕೊಳ್ತೀವಿ.”

ಅಜ್ಜ ನಗಲಿಲ್ಲ. “ನನ್ನ ನಾಯಕಿ ದಡ ಸೇರಿದ್ದೂ ಅಂಥದೇ ಒಂದು ತಪ್ಪಿನ ಮೇಲೆ,” ಎಂದರು.

“ಅಂದ್ರೆ?”

“ಮೊದಲ ಕಂತಲ್ಲಿ ಅವಳ ಅಪ್ಪ ನೇಕಾರ. ನಡುವೆ ಎಲ್ಲೋ ಒಂದು ಕಡೆ ಲೇಖಕ ಮರೆತು ಅವನನ್ನ ಅಂಬಿಗ ಅಂತ ಬರೆದುಬಿಟ್ಟ. ನಾನು ಆ ಪದಕ್ಕೆ ಕೆಂಪು ಸುತ್ತು ಹಾಕಿ ತೋರಿಸ್ದೆ. ‘ನಾನು ಬರೆದದ್ದು ಬರೆದದ್ದೇ’ ಅಂದ, ಹಾಗೇ ಅಚ್ಚಾಯ್ತು. ಓದುಗರು ವಾರಗಟ್ಟಲೆ ಆಡ್ಕೊಂಡು ನಕ್ಕರು. ಆಮೇಲೆ ಕಥೆ ನನ್ನ ಕೈಗೆ ಬಂದಾಗ ಆ ಸುತ್ತನ್ನೇ ನೋಡ್ತಾ ಕೂತೆ. ಎರಡೂ ನಿಜ ಆಗಿದ್ರೆ? ಮೊದಲು ಅಂಬಿಗ ಆಗಿದ್ದ, ಹಿರೀ ಮಗನ್ನ ಹೊಳೆ ನುಂಗ್ತು, ದೋಣಿ ಬಿಟ್ಟು ಮಗ್ಗ ಹಿಡಿದ. ಮಗಳನ್ನ ನೀರಿನ ಹತ್ತಿರಕ್ಕೂ ಬಿಡ್ಲಿಲ್ಲ. ಆದ್ರೆ ನೀರಿನ ಸೆಳೆತ ಹೇಗೆ ತಿಳಿಯೋದು ಅನ್ನೋದನ್ನ ಕಥೆ ಹೇಳ್ತಾ ಹೇಳ್ತಾ ಕಲಿಸಿಬಿಟ್ಟಿದ್ದ. ಅವಳು ದೋಣೀಲಿ ಕೂರೋ ಹಲಗೆ ಕಿತ್ತು ಸೆಳೆತಕ್ಕೆ ಅಡ್ಡ ಹಿಡಿದಳು, ದೋಣಿ ದಡದ ಕಡೆ ತಿರುಗ್ತು.”

“ಇದನ್ನ ನೀವು ಯಾವತ್ತೂ ಹೇಳೇ ಇಲ್ಲ!”

“ಹೇಳೋಕೆ ಬಿಟ್ಟಿದೀರಾ? ದಡ ಸೇರಿದ್ಲು ಅಂದ ಕೂಡ್ಲೇ ನಿಮ್ಮಮ್ಮ ಕಾಫಿ ಕುಡೀರಿ ಅಂತಾಳೆ.”

ಒಳಗಿನಿಂದ, “ಕೇಳಿಸ್ತಿದೆ ಮಾವ!” ಎಂದಳು ಸೊಸೆ.

ಮೊಮ್ಮಗಳು ಪರದೆಯ ಮೂಲೆಯನ್ನೇ ನೋಡುತ್ತಿದ್ದಳು. ಆ ಬಿಳಿಯ ಎಳೆ ನಿಂತ ಚಿತ್ರದಲ್ಲಿ ಕದಲದೆ ನಿಂತಿತ್ತು. “ಯಾರೋ ದಿನಾ ಹಚ್ತಿದಾರೆ,” ಎಂದು ತನಗೆ ತಾನೇ ಹೇಳಿಕೊಂಡಳು. ಲ್ಯಾಪ್‌ಟಾಪ್ ಎತ್ತಿಕೊಂಡು ಕೋಣೆಗೆ ನಡೆದವಳು ರಾತ್ರಿ ಊಟಕ್ಕೂ ಸರಿಯಾಗಿ ಬರಲಿಲ್ಲ.

ಭಾನುವಾರ ಬೆಳಗ್ಗೆ ಅಜ್ಜ ತಿರುಪುಳಿ ಹುಡುಕಿ, ಕಿತ್ತುಹೋಗಿದ್ದ ಚಿಲಕವನ್ನು ಬಾಗಿಲಿಗೆ ಕೂರಿಸಿದರು. ಒಳಗಿನಿಂದ ಹಾಕಿಕೊಳ್ಳುವಂತೆ ಹೇಳಿ, ಹೊರಗೆ ಕುರ್ಚಿ ಹಾಕಿ ಕಾವಲು ಕುಳಿತರು. ಸೊಸೆ ಬಂದು ಚಿಲಕವನ್ನೂ ಮಾವನನ್ನೂ ನೋಡಿ, “ಅಂತೂ ಮುಂದಿನ ಕಂತು ಬಂತು,” ಎಂದಳು.

ಹೊತ್ತು ಇಳಿಮುಖವಾದಾಗ ಬಾಗಿಲು ತೆರೆಯಿತು. ಅಜ್ಜ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಓದಿದರು. ಅಡುಗೆಯವಳಿಗೆ ರೆಕ್ಕೆ ಮೂಡಿರಲಿಲ್ಲ. ಅವಳು ಕಣಿವೆಯಲ್ಲಿ ನಿಂತು ಮೇಲೆ ನೋಡುತ್ತಾಳೆ. ಹಡಗಿನ ಹಿಂದೆ ಹಬೆಯ ಎಳೆಯೊಂದು ಕಾಣುತ್ತದೆ. ಅಡುಗೆಯ ಗಂಧವೇ ಇಲ್ಲದ ಕಪ್ತಾನ, ಅವಳು ಬಿದ್ದ ಮರುದಿನದಿಂದ ಅವಳ ಒಲೆಯನ್ನು ತಾನೇ ಹಚ್ಚಿ, ಅವಳ ಪಾತ್ರೆಯಲ್ಲಿ ಬರಿಯ ನೀರು ಕಾಯಿಸುತ್ತಿದ್ದಾನೆ. ಯಾರು ನಕ್ಕರೂ ನಿಲ್ಲಿಸಿಲ್ಲ. ಅವಳು ಮೂರು ಕಲ್ಲು ಹೂಡುತ್ತಾಳೆ. ಹಸಿ ಎಲೆ ಒಟ್ಟಿ ಬೆಂಕಿ ಕೊಡುತ್ತಾಳೆ. ಹೊಗೆ ಎದ್ದು ಮೇಲಕ್ಕೆ ಹೋಗುತ್ತದೆ. ಯಾರೂ ಏನೂ ಕೂಗುವುದಿಲ್ಲ. ಹಡಗು ನಿಧಾನವಾಗಿ ಇಳಿಯತೊಡಗುತ್ತದೆ.

ಅಜ್ಜ ಕೆಂಪು ಪೆನ್ಸಿಲಿನ ತುದಿಯನ್ನು ಪರದೆಯ ಒಂದು ಸಾಲಿನತ್ತ ಚಾಚಿದರು. “ಇಲ್ಲೊಂದು ಕಡೆ ಚುಕ್ಕೆ ಉಳಿದಿದೆ.”

“ತೆಗೆದೆ.”

“ಕಪ್ತಾನನ ಮುಖಕ್ಕೆ ಹಬೆ ತಾಗಿ ಕಣ್ಣು ಕಿರಿದಾಗೋದನ್ನ ಬರ್ದಿದೀಯ. ಈ ಒಂದು ಮುಖ ನನಗೆ ಕಂಡಿತು. ಉಳಿದವರು?”

“ನಾಳೆಯಿಂದ ಅಜ್ಜ. ಮೊದಲನೇ ಅಧ್ಯಾಯದಿಂದ ಮತ್ತೆ. ಎಲ್ರಿಗೂ ಮೂಗು ಬರೀತೀನಿ.”

“ಹಾಗಾದ್ರೆ ಕಳಿಸು.”

ಅವಳು ಗುಂಡಿ ಒತ್ತಿದಳು. ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು. ಓದುಗರ ಮಾತುಗಳು ಬರುವ ಮೊದಲೇ ಫೋನನ್ನು ಬೋರಲು ಹಾಕಿ, ಕುರ್ಚಿ ಎಳೆದುಕೊಂಡು ಅಜ್ಜನ ಎದುರು ಕುಳಿತಳು. ಅಷ್ಟರಲ್ಲಿ ಸೊಸೆ ಎರಡು ಲೋಟ ಕಾಫಿ ತಂದಿಟ್ಟು, ಅಪರೂಪಕ್ಕೆ ತಾನೂ ಒಂದು ಮೂಲೆಯಲ್ಲಿ ನಿಂತಳು.

“ಕಾಫಿ ಆರಿದ್ರೆ ಆರ್ಲಿ,” ಎಂದಳು ಮೊಮ್ಮಗಳು. “ಅಜ್ಜ, ಆ ದೋಣಿ ಕಥೆ ಇನ್ನೊಂದ್ಸಲ ಹೇಳಿ. ಸಂಪಾದಕರು ಮೊದಲನೇ ಸಲ ಪುಟ ಹರಿದ್ರಲ್ಲ, ಅಲ್ಲಿಂದ. ಆಮೇಲೆ ನೀವು ಮೊದಲು ಬರೆದ ಸಾಲು ಯಾವ್ದು?”