ತಕ್ಕಡಿಯ ಮುಖ ತಿರುಗಿಸಿದವಳು

ಷೆಣ್ಬಗವಲ್ಲಿ ಜೀಪಿಗೆ ದಾರಿ ಬಿಡುತ್ತಿರಲಿಲ್ಲ. ಮ್ಯಾನೇಜರ್ ದೊರೆಯ ಜೀಪಿನ ಸದ್ದು ತಿರುವಿನಾಚೆ ಕೇಳಿದೊಡನೆ ತಲೆಯ ಬಟ್ಟೆ ಕಳಚಿ ಚರಂಡಿಗಿಳಿದು ನಿಲ್ಲುವುದು ಕುರಿಂಜಿಮೇಡು ಚಹಾ ತೋಟದ ಹೆಂಗಸರಿಗೆ ಅಜ್ಜಿಯರ ಕಾಲದಿಂದ ಬಂದ ಪದ್ಧತಿ. ತೋಟ ನಷ್ಟಕ್ಕೆ ಬಿದ್ದು, ಹಳೆಯ ಕಂಪನಿ ಕೈತೊಳೆದುಕೊಂಡು, ಷೇರುಗಳು ದುಡಿಯುವವರ ಹೆಸರಿಗೇ ಬಂದ ಮೇಲೆಯೂ ಆ ಕಾಲುಗಳು ಚರಂಡಿಗೆ ಇಳಿಯುತ್ತಲೇ ಇದ್ದವು. ಇವಳೊಬ್ಬಳು ಮಾತ್ರ, ಗಂಡಸರ ಹಳೆಯ ಉಣ್ಣೆ ಕೋಟಿನ ತೋಳನ್ನು ಮೊಣಕೈವರೆಗೆ ಮಡಚಿ, ಬೆನ್ನ ಮೇಲೆ ಚೀಲವಿಲ್ಲದಾಗಲೂ ಇದ್ದಂತೆಯೇ ಮುಂದಕ್ಕೆ ಬಾಗಿ, ನಡುರಸ್ತೆಯಲ್ಲಿ ಪರಮ ಗಾಂಭೀರ್ಯದಿಂದ ನಡೆಯುತ್ತಿದ್ದಳು.

“ಏನಮ್ಮಾ, ಕಿವಿ ಕೇಳ್ಸಲ್ವಾ?” ಎಂದು ಡ್ರೈವರ್ ರೇಗಿದರೆ, “ಕೇಳ್ಸತ್ತಪ್ಪಾ. ಜೀಪಲ್ಲಿ ನಂದೂ ಪಾಲಿದೆ, ಮೆಲ್ಲಗೆ ಓಡ್ಸು. ಹೌದಾ ಇಲ್ವಾ?” ಎನ್ನುವಳು. ಆ ‘ಹೌದಾ ಇಲ್ವಾ’ ಅವಳ ಪ್ರತಿ ಮಾತಿಗೂ ಬಾಲದಂತೆ ಅಂಟಿಕೊಂಡಿತ್ತು. ಉತ್ತರಕ್ಕೆ ಮಾತ್ರ ಅವಳು ಎಂದೂ ಕಾದವಳಲ್ಲ.

ಅವಳ ಹಟವೆಲ್ಲ ಹೋಗಿ ನಾಟಿದ್ದು ತೂಕದ ಕಟ್ಟೆಯ ಮೇಲೆ. ಗಡಿಯಾರದಂಥ ಮುಖವಿದ್ದ ಆ ತೂಗುತಕ್ಕಡಿ ಬಿಳಿಯರ ಕಾಲದಿಂದಲೂ ಕೂಲಿಗಳ ಮೇಸ್ತ್ರಿಯಾದ ಕಂಗಾಣಿಯ ಕಡೆಗೇ ತಿರುಗಿತ್ತು. ದಿನವಿಡೀ ಇಳಿಜಾರಿನಲ್ಲಿ ನಿಂತು ಚಿಗುರು ಕಿತ್ತವರಿಗೆ ಕಾಣುತ್ತಿದ್ದುದು ಅದರ ತುಕ್ಕುಹಿಡಿದ ಬೆನ್ನು. ಕಂಗಾಣಿ ಪೆರುಮಾಳ್ ಮುಳ್ಳನ್ನು ತಾನೊಬ್ಬನೇ ನೋಡಿ, ತೇವಕ್ಕಿಷ್ಟು, ಚೀಲಕ್ಕಿಷ್ಟು ಎಂದು ಎಲ್ಲರಿಗೂ ತೂಕ ಕಡಿದು, ಉಳಿದದ್ದನ್ನು ಕೂಗುತ್ತಿದ್ದ. ಒಡೆಯರಾದ ಮೇಲೂ ನಾವು ಅವನ ಬಾಯಿಯನ್ನೇ ನೋಡುತ್ತ ನಿಂತಿದ್ದೆವಲ್ಲ, ನಾಚಿಕೆಗೇಡು!

ವಾರ್ಷಿಕ ಸಭೆ ಕಾರ್ಖಾನೆಯ ಅಂಗಳದಲ್ಲಿ ಸೇರುತ್ತಿತ್ತು. ದೊರೆ ಕೈಯೆತ್ತಿ ಎಂದರೆ ಎತ್ತುವುದು, ಇಳಿಸಿ ಎಂದರೆ ಇಳಿಸುವುದು, ಬಿಸ್ಕತ್ತು ತಿಂದು ಮನೆಗೆ ಹೋಗುವುದು. ಆ ವರ್ಷ ಷೆಣ್ಬಗವಲ್ಲಿ ಎದ್ದು ನಿಂತಳು.

“ದೊರೇ, ತಕ್ಕಡಿ ಮುಖ ನಮ್ಮ ಕಡೆ ತಿರುಗ್ಬೇಕು.”

ಮ್ಯಾನೇಜರ್ ಜಯಶೀಲನ್ ಕೆಟ್ಟವನಲ್ಲ, ಮಕ್ಕಳಿಗೆ ಹೇಳುವಂತೆ ನಕ್ಕು ಹೇಳಿದ: “ಕಂಪನಿ ಈಗ ನಿಮ್ದೇ ಅಲ್ವೇನಮ್ಮಾ? ಮುಳ್ಳು ಎಲ್ರಿಗೂ ಕಂಡು ಕಡಿತ ನಿಂತ್ರೆ ನಷ್ಟ ಯಾರಿಗೆ? ನಿಮಗೇ ತಾನೆ?”

“ಆಗ್ಲಿ ಬಿಡಿ. ನಮ್ಮ ನಷ್ಟಾನ ನಾವೇ ಕಣ್ಣಾರೆ ನೋಡ್ತೀವಿ. ನೋಡೋಕೂ ಬಿಡ್ದಿದ್ರೆ ಅದ್ಯಾವ ಸೀಮೆ ಒಡೆತನ? ಹೌದಾ ಇಲ್ವಾ?”

ಮೊದಲು ಮೇಲೆದ್ದದ್ದು ಮರುದಾಯಿಯ ಕೈ. ಲೈನ್ ಮನೆಗಳಲ್ಲಿ ಇವಳ ಪಕ್ಕದ ಗೋಡೆಯವಳು, ಇವಳು ಬಂದ ವರ್ಷವೇ ಸೊಸೆಯಾಗಿ ಬಂದು ಒಂದೇ ನಲ್ಲಿಯಲ್ಲಿ ನೀರು ಹಿಡಿದವಳು. ಅವಳ ಹಿಂದೆ ಅಂಗಳದ ತುಂಬ ಕೈಗಳು ಎದ್ದವು, ಯಾರೂ ಹೇಳದೆ. ತಕ್ಕಡಿ ತಿರುಗಿತು. ಎಲ್ಲರಿಗೂ ಸಾರಾಸಗಟಾಗಿ ಕಡಿಯುವುದು ನಿಂತು, ಕಣ್ಣಿಗೆ ಕಂಡ ದೋಷಕ್ಕಷ್ಟೇ ಕಡಿತ ಎಂದಾಯಿತು.

ಮಳೆ ಹಿಡಿದ ಒಂದು ಸಂಜೆ ಮರುದಾಯಿಯ ಚೀಲ ಕೊಕ್ಕೆಗೆ ಏರಿದಾಗ ಮುಳ್ಳು ಎಂದಿಲ್ಲದಂತೆ ಜಿಗಿಯಿತು. ಎಲ್ಲರೂ ಕಂಡರು. ಒಡತಿ ಏನು ಮಾಡುತ್ತಾಳೋ ನೋಡೋಣ ಎಂದು ಪೆರುಮಾಳ್ ಕೈಕಟ್ಟಿ ನಿಂತ. ಷೆಣ್ಬಗವಲ್ಲಿ ಚೀಲದೊಳಕ್ಕೆ ಮೊಣಕೈವರೆಗೆ ಕೈ ಹಾಕಿದಳು. ಮೇಲೆ ಎರಡೆಲೆ ಒಂದು ಮೊಗ್ಗಿನ ಚಿಗುರು. ತಳದಲ್ಲಿ, ತೂಕ ಬರಲೆಂದು ತೊರೆಯಲ್ಲಿ ಅದ್ದಿ ತುರುಕಿದ, ಚಹಾಕ್ಕೆ ಬಾರದ ಬಲಿತ ಎಲೆ.

“ಸುಮ್ನಿರೇ, ನಿನ್ನ ದಮ್ಮಯ್ಯ,” ಎಂದು ಮರುದಾಯಿ ಪಿಸುಗುಟ್ಟಿದಳು. “ಮಗಳು ಹೆರಿಗೆಗೆ ಬಂದವ್ಳೆ.”

ಸುಮ್ಮನಿದ್ದರೆ ಷೆಣ್ಬಗವಲ್ಲಿಗೆ ಗೆಳತಿ ಉಳಿಯುತ್ತಿದ್ದಳು. ತಕ್ಕಡಿ ಮಾತ್ರ ನಾಳೆಯೇ ಮತ್ತೆ ಬೆನ್ನು ತೋರಿಸುತ್ತಿತ್ತು.

“ಕಡಿಯಣ್ಣಾ,” ಎಂದಳು, ಕೈಯಲ್ಲಿದ್ದ ಎಲೆಯನ್ನು ಎಲ್ಲರೆದುರು ಕೆಳಕ್ಕೆ ಹಾಕಿ. “ತಿರುಗ್ಸಿದ್ದು ಇದನ್ನೂ ನೋಡೋಕೇ.” ಅಂದು ಮಾತಿಗೆ ಬಾಲವಿರಲಿಲ್ಲ.

ಮರುದಾಯಿ ಖಾಲಿ ಚೀಲ ಮಡಚಿಕೊಂಡು, “ಹೋಗ್ ತಾಯಿ, ನೀನೂ ದೊರೆ ಆಗ್ಬಿಟ್ಟೆ,” ಎಂದು ಹೊರಟುಹೋದಳು. ಕೆಲ ದಿನಗಳಲ್ಲಿ ಅವಳ ಮಗಳಿಗೆ ಹೆರಿಗೆಯಾಯಿತು; ಬಾಣಂತಿಗೆಂದು ಮೆಣಸಿನ ರಸ ಕಾಯಿಸಿ ಒಯ್ದರೆ ಮರುದಾಯಿಯ ಬಾಗಿಲು ತೆರೆಯಲಿಲ್ಲ. ಷೆಣ್ಬಗವಲ್ಲಿ ತಂಬಿಗೆಯನ್ನು ಹೊಸ್ತಿಲಲ್ಲಿಟ್ಟು ಬಂದು, ಗೋಡೆಯಾಚೆಯ ಎಳೆಮಗುವಿನ ಅಳುವನ್ನು ಕೇಳುತ್ತ ಕಣ್ಣೊರೆಸಿಕೊಂಡಳು. ಮರುದಿನ ತೂಕದ ಹೊತ್ತಿಗೆ ಕಟ್ಟೆಯ ಬಳಿ ಎಲ್ಲರಿಗಿಂತ ಮೊದಲು ನಿಂತಿದ್ದವಳೂ ಅವಳೇ.

ಒಡೆಯನನ್ನು ಎದುರಿಸುವವರ ಬೆನ್ನಿಗೆ ಜನವಿರುತ್ತದೆ, ಘೋಷಣೆಯಿರುತ್ತದೆ, ಕೊರಳಿಗೆ ಹಾರವೂ ಬೀಳುತ್ತದೆ. ತಾವೇ ಒಡೆಯರಾದ ದಿನ ತಮ್ಮವರ ಚೀಲಕ್ಕೂ ಕೈಹಾಕುವವರ ಪಕ್ಕದಲ್ಲಿ ಯಾರೂ ನಿಲ್ಲುವುದಿಲ್ಲ. ಪಾಲುಗಾರರೆಂದು ಕರೆಸಿಕೊಳ್ಳುವವರು ನಾವು ಸಾವಿರ ಜನ. ಅದರ ಬೆಲೆಯನ್ನು ತೆರುವವರು ಇಂಥ ಒಬ್ಬಿಬ್ಬರು, ಮತ್ತು ನಾವು ಅವರಿಗೆ ಬಾಗಿಲು ತೆರೆಯುವುದಿಲ್ಲ.